ಎನ್‌ಇಎಸ್‌ನಲ್ಲಿ ಅಜ್ಜನ ಫೋಟೋ: ಎಮುಲೇಟರ್‌ನಲ್ಲಿ ಸರಿ, ಟಿವಿಯಲ್ಲಿ ಪೇಟ ಎರಡು ಸಲ

ಮಲೆನಾಡ_ಪಿಕ್ಸೆಲ್

ಮೂರು ವಾರದಿಂದ ಇದೇ ಗೋಳು. ಇನ್ನು ನನ್ನ ಕೈಲಿ ಆಗಲ್ಲ ಅನ್ನಿಸಿ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಅಜ್ಜನದ್ದು ಒಂದು ಹಳೆಯ ಸ್ಟುಡಿಯೋ ಫೋಟೋ ಇದೆ. ತಲೆಗೆ ಪೇಟ, ಕರಿ ಕೋಟು, ದಪ್ಪ ಮೀಸೆ. ಅದನ್ನು ಸ್ಕ್ಯಾನ್ ಮಾಡಿ, ಕಪ್ಪು, ಎರಡು ಬೂದು, ಬಿಳಿ ಅಂತ ನಾಲ್ಕೇ ಬಣ್ಣಕ್ಕೆ ಇಳಿಸಿ, ಎನ್‌ಇಎಸ್‌ನಲ್ಲಿ (ನಿಂಟೆಂಡೊದ ಹಳೆಯ ಟಿವಿ ಗೇಮ್) ಪರದೆ ತುಂಬ ತೋರಿಸಬೇಕು. ಮುಂದಿನ ತಿಂಗಳು ಅಪ್ಪನಿಗೆ ಅರವತ್ತು ತುಂಬುತ್ತದೆ. ಅವರು ನನಗೆ ಕೊಡಿಸಿದ ಅದೇ ಟಿವಿ ಗೇಮ್‌ನಲ್ಲಿ ಅವರ ಅಪ್ಪನ ಮುಖ ಬರಬೇಕು ಅನ್ನೋದು ನನ್ನ ಆಸೆ.

ಪೂರ್ತಿ ಪರದೆಗೆ 32 ಅಡ್ಡ, 30 ಉದ್ದ, ಒಟ್ಟು 960 ಟೈಲ್ (8 ಅಡ್ಡ 8 ಉದ್ದ ಚುಕ್ಕಿಯ ತುಂಡು) ಬೇಕು. ಟೈಲ್ ಚಿತ್ರಗಳನ್ನು ಇಡುವ ಒಂದು ಪ್ಯಾಟರ್ನ್ ಟೇಬಲ್‌ನಲ್ಲಿ ಹಿಡಿಯೋದು 256. ಹಾಗಾಗಿ ಪರದೆಯನ್ನು ನಾಲ್ಕು ಪಟ್ಟಿ ಮಾಡಿದ್ದೇನೆ. 64 ಸಾಲಿಗೊಮ್ಮೆ ಟೇಬಲ್ ಬದಲಾಯಿಸುತ್ತೇನೆ. ಮೊದಲ ಬದಲಾವಣೆ ಚಿತ್ರದ ಚಿಪ್ಪಿನ $2000 ರಿಜಿಸ್ಟರ್‌ನಿಂದ, ಎರಡನೆಯದಕ್ಕೆ ಸಿಎಚ್‌ಆರ್ ಬ್ಯಾಂಕ್ (ಕ್ಯಾಸೆಟ್‌ನ ಟೈಲ್ ಮೆಮೊರಿಯ ಒಂದು ಭಾಗ) ಕೂಡ, ಮೂರನೆಯದು ಮತ್ತೆ $2000. ಕ್ಯಾಸೆಟ್‌ನ ಬೋರ್ಡ್ ಸಿಎನ್‌ರೋಮ್, ಆ ಬ್ಯಾಂಕ್ ಬದಲಾಯಿಸುವ ಸರಳ ಜಾತಿಯದ್ದು. ಎನ್‌ಎಂಐ (ಪ್ರತಿ ಫ್ರೇಮ್‌ಗೊಮ್ಮೆ ಪ್ರೊಸೆಸರ್‌ಗೆ ಬರುವ ಸೂಚನೆ) ಬಂದ ಮೇಲೆ ಪ್ರೊಸೆಸರ್ ಸೈಕಲ್ ಎಣಿಸಿ ಕಾಯುವ ಕೋಡ್.

ಕಂಪ್ಯೂಟರಿನ ಎಮುಲೇಟರ್‌ನಲ್ಲಿ (ಟಿವಿ ಗೇಮ್ ಅನುಕರಿಸುವ ಪ್ರೋಗ್ರಾಂ) ಚಿತ್ರ ಕಣ್ಣಿಗೆ ಹಬ್ಬ. ಟಿವಿಯಲ್ಲಿ ಹಾಕಿದರೆ ಕಣ್ಣಿನ ಜಾಗದಲ್ಲಿ ಮತ್ತೆ ಪೇಟ, ಮೀಸೆಯ ಜಾಗದಲ್ಲಿ ಕಣ್ಣು, ಕೋಟಿನ ಮೇಲೆ ಮೀಸೆ! ಪ್ರತಿ ಸಲ ಕ್ಯಾಸೆಟ್‌ನ ಈಪ್ರೋಮ್ ಮೆಮೊರಿ ಚಿಪ್ ಅಳಿಸೋಕೇ 20 ನಿಮಿಷ ನೇರಳಾತೀತ ದೀಪದ ಕೆಳಗೆ ಇಡಬೇಕು. ಸಾಕಾಗಿ ಹೋಗಿದೆ. ಏನು ತಪ್ಪು?

ಬೆಸುಗೆ_ಕಡ್ಡಿ

ಮೊದಲು ಕ್ಯಾಸೆಟ್‌ನ ಪಿನ್ನುಗಳನ್ನು ರಬ್ಬರಿನಿಂದ ಉಜ್ಜಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಹತ್ತರಲ್ಲಿ ಎಂಟು ಕೇಸು ಅಲ್ಲಿಗೇ ಮುಗಿಯುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ಪಿನ್ ಹಾಳಾಗುತ್ತದೆ.

ಮಲೆನಾಡ_ಪಿಕ್ಸೆಲ್

ಉಜ್ಜಿದೆ ಸರ್. ಏನೂ ಬದಲಾಗಲಿಲ್ಲ. ಬೇರೆ ಆಟಗಳ ಕ್ಯಾಸೆಟ್ ಎಲ್ಲ ಚೆನ್ನಾಗೇ ಓಡುತ್ತವೆ.

ಬೆಸುಗೆ_ಕಡ್ಡಿ

ಹಾಗಾದರೆ ಬಸ್ ಕಾನ್‌ಫ್ಲಿಕ್ಟ್. ನಿಸ್ಸಂದೇಹ. ಸಿಎನ್‌ರೋಮ್‌ನಲ್ಲಿ ಬ್ಯಾಂಕ್ ನಂಬರ್ ಬರೆಯುವಾಗ ರೋಮ್ ಕೂಡ ಅದೇ ಬಸ್ಸಿನ (ಡೇಟಾ ತಂತಿಗಳ) ಮೇಲೆ ತನ್ನ ಬೈಟ್ ಇಡುತ್ತದೆ. ನೀವು 1 ಬರೆದು, ಆ ವಿಳಾಸದಲ್ಲಿ ರೋಮ್‌ನಲ್ಲಿ 0 ಇದ್ದರೆ ಎರಡೂ ಹೊಡೆದಾಡಿ ಬ್ಯಾಂಕ್ ನಂಬರ್ ಹಿಡಿದಿಡುವ ಲ್ಯಾಚ್ ಚಿಪ್ 74ಎಚ್‌ಸಿ161ಕ್ಕೆ ಏನೋ ಒಂದು ಹೋಗುತ್ತದೆ. ಎಷ್ಟೋ ಎಮುಲೇಟರ್‌ಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಅಲ್ಲಿ ಸರಿ ಕಾಣುತ್ತದೆ. ರೋಮ್‌ನಲ್ಲಿ 0, 1, 2, 3 ಅಂತ ಒಂದು ಟೇಬಲ್ ಇಟ್ಟು, ಬರೆಯುವ ನಂಬರ್ ಯಾವುದೋ ಅದೇ ಬೈಟ್ ಇರುವ ಜಾಗಕ್ಕೆ ಬರೆಯಿರಿ.

ಮಲೆನಾಡ_ಪಿಕ್ಸೆಲ್

ಆ ಟೇಬಲ್ ಮೊದಲಿನಿಂದಲೂ ಇದೆ. ಹೇಳೋದು ಬಿಟ್ಟಿದ್ದೆ, ಎಲ್ಲರೂ ಹಾಕೇ ಹಾಕುತ್ತಾರೆ ಅಲ್ವಾ ಅಂತ.

ಬೆಸುಗೆ_ಕಡ್ಡಿ

ಟೇಬಲ್‌ನ ವಿಳಾಸ ಸರಿಯಾಗಿದೆಯಾ? ಲಿಂಕರ್ ಅದನ್ನು ಎಲ್ಲಿ ಇಟ್ಟಿದೆ ಅಂತ ಮ್ಯಾಪ್ ಫೈಲ್ ನೋಡಿ. ನನಗೆ ಎರಡು ಸಲ ಹೀಗೇ ಆಗಿದೆ. ಬಸ್ ಕಾನ್‌ಫ್ಲಿಕ್ಟೇ.

ಟ್ಯೂಬ್_ಟಿವಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಕಪ್ಪಿಗೆ ಯಾವ ನಂಬರ್ ಹಾಕಿದ್ದೀರಿ? 0ಡಿ ಹಾಕಿದ್ದರೆ ತಕ್ಷಣ ತೆಗೆಯಿರಿ. ಅದು ಮಾಮೂಲಿ ಕಪ್ಪಿಗಿಂತ ಕೆಳಗಿನ ಮಟ್ಟದ ಸಿಗ್ನಲ್ ಕೊಡುತ್ತದೆ, ಕೆಲವು ಟಿವಿಗಳು ಅದನ್ನು ಸಿಂಕ್ (ಸಾಲು ಶುರುವಾಗುವ ಗುರುತು) ಅಂದುಕೊಂಡು ಚಿತ್ರ ಕುಣಿಸುತ್ತವೆ. 0ಎಫ್ ಬಳಸಿ.

ಡಿದರಿಂಗ್ (ಚುಕ್ಕಿ ಬೆರೆಸಿ ನಡುವಿನ ಬಣ್ಣ ತೋರಿಸೋದು) ಯಾವುದು? ಫ್ಲಾಯ್ಡ್-ಸ್ಟೈನ್‌ಬರ್ಗ್ ಆದರೆ ಮುಖದ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ. ಚಿತ್ರ ತಿದ್ದುವ ಗಿಂಪ್‌ನಲ್ಲಿ ಚೌಕುಳಿಯ ಹಾಗೆ ಚುಕ್ಕಿ ಇಡುವ ಪೊಸಿಷನ್ಡ್ ಅಂತ ಇದೆ, ಅದನ್ನು ಹಾಕಿ.

ಕರಾವಳಿ_ಕಾರ್ಟ್

ಮುಖಕ್ಕೆ ಫ್ಲಾಯ್ಡ್-ಸ್ಟೈನ್‌ಬರ್ಗೇ ಬೇಕು ಮಾರಾಯ್ರೆ. ಚೌಕುಳಿ ಡಿದರ್ ಹಾಕಿದರೆ ಕೆನ್ನೆಯ ಮೇಲೆ ಜರಡಿ ಇಟ್ಟ ಹಾಗೆ ಆಗುತ್ತದೆ. ಟಿವಿಯ ಆಂಟೆನಾ ಜಾಗಕ್ಕೆ ಹೋಗುವ ಆರ್‌ಎಫ್ ವೈರಿನಲ್ಲಿ ಹೇಗೂ ಎಲ್ಲ ಸ್ವಲ್ಪ ಕಲಸಿಹೋಗುತ್ತದೆ, ಆಗ ಫ್ಲಾಯ್ಡ್ ಚುಕ್ಕಿಗಳು ನಿಜವಾದ ಬೂದಿನ ಹಾಗೆ ಕಾಣುತ್ತವೆ.

ಟ್ಯೂಬ್_ಟಿವಿ

ಆರ್‌ಎಫ್‌ನಲ್ಲಿ ಕಲಸೋದು ಚೌಕುಳಿಗೇ ಹೆಚ್ಚು ಅನುಕೂಲ. ಒಂದು ಬಿಟ್ಟು ಒಂದು ಚುಕ್ಕಿ ಇದ್ದರೆ ತಾನೇ ಸಮವಾಗಿ ಬೆರೆಯೋದು. ಜೊತೆಗೆ ಅದೇ ಟೈಲ್ ಮತ್ತೆ ಮತ್ತೆ ಬರುತ್ತದೆ, ಹಿನ್ನೆಲೆಯಲ್ಲೇ ನೂರಾರು ಟೈಲ್ ಉಳಿಸಬಹುದು. ಆಗ ಇವರಿಗೆ ನಾಲ್ಕು ಪಟ್ಟಿಯೇ ಬೇಕಾಗಲಿಕ್ಕಿಲ್ಲ. ನನ್ನ 21 ಇಂಚಿನ ಸೋನಿ ಟ್ರಿನಿಟ್ರಾನ್ ಟಿವಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿಯೇ ಹೇಳುತ್ತಿದ್ದೇನೆ.

ಕರಾವಳಿ_ಕಾರ್ಟ್

ಟ್ರಿನಿಟ್ರಾನ್ ಎಲ್ಲರ ಮನೆಯಲ್ಲೂ ಇರುತ್ತದಾ? ನಾನಂತೂ ಈ ಕಷ್ಟವೇ ಬೇಡ ಅಂತ ಸೆಗಾದ ಮೆಗಾ ಡ್ರೈವ್ ಸೆಟ್‌ಗೆ ಹೋದೆ. 64 ಕೆಬಿ ವಿಡಿಯೋ ರ‍್ಯಾಮ್. 320 ಅಡ್ಡ 224 ಉದ್ದದ ಚಿತ್ರಕ್ಕೆ 1120 ಟೈಲ್, 35 ಕೆಬಿ. ಪೂರ್ತಿ ಒಂದೇ ಸಲ ಒಳಗೆ ಕೂರುತ್ತದೆ. ಪಟ್ಟಿಯೂ ಇಲ್ಲ, ಸೈಕಲ್ ಎಣಿಸೋದೂ ಇಲ್ಲ. ಎಸ್‌ಜಿಡಿಕೆಗೆ (ಆ ಸೆಟ್‌ಗೆ ಪ್ರೋಗ್ರಾಂ ಬರೆಯುವ ಕಿಟ್) ಪಿಎನ್‌ಜಿ ಚಿತ್ರ ಕೊಟ್ಟರೆ ಅದೇ ಟೈಲ್ ಮಾಡಿಕೊಡುತ್ತದೆ. ನಮ್ಮೂರ ಯಕ್ಷಗಾನದ ವೇಷದ ಫೋಟೋ ಹಾಕಿದ್ದೇನೆ, ಕಿರೀಟದ ಕೆಂಪು ನೋಡಬೇಕು ನೀವು.

ಮಲೆನಾಡ_ಪಿಕ್ಸೆಲ್

ಬಣ್ಣ, ಡಿದರ್ ನನ್ನ ಸಮಸ್ಯೆಯೇ ಅಲ್ಲ. ಅಜ್ಜನ ಕಣ್ಣು ಗದ್ದದ ಹತ್ತಿರ ಇದೆ. ದಯವಿಟ್ಟು ಅದರ ಬಗ್ಗೆ ಹೇಳಿ.

ಆರು_ಐದು_ಸೊನ್ನೆ_ಎರಡು

ಬಸ್ ಕಾನ್‌ಫ್ಲಿಕ್ಟ್ ಅಲ್ಲ. ನಿಮ್ಮ ಮೊದಲ ಬದಲಾವಣೆ ಬರೀ $2000ರ 4ನೇ ಬಿಟ್. ಅದು ಚಿತ್ರ ಬಿಡಿಸುವ ಚಿಪ್ ಪಿಪಿಯುನ ರಿಜಿಸ್ಟರ್, ಕ್ಯಾಸೆಟ್‌ನಲ್ಲಿ ಬ್ಯಾಂಕ್ ಬದಲಾಯಿಸುವ ಮ್ಯಾಪರ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಅಲ್ಲೇ ಪೇಟ ಎರಡು ಸಲ ಬರುತ್ತಿದೆ. ಅಂದರೆ ಬದಲಾವಣೆ ಆಗುತ್ತಿದೆ, ತಡವಾಗಿ ಆಗುತ್ತಿದೆ.

ಒಂದು ಕೆಲಸ ಮಾಡಿ. ಟಿವಿಯ ಫೋಟೋ ತೆಗೆದು, ಚಿತ್ರ ಎಲ್ಲೆಲ್ಲಿ ತುಂಡಾಗುತ್ತದೆ ಅಂತ ಮೇಲಿನಿಂದ ಟೈಲ್ ಎಣಿಸಿ ಹೇಳಿ. ಮತ್ತೆ, ಸೆಟ್ ಯಾವುದು? ಎಮುಲೇಟರ್ ಯಾವ ರೀಜನ್‌ನಲ್ಲಿದೆ?

ಬೆಸುಗೆ_ಕಡ್ಡಿ

ಎರಡನೇ ಬದಲಾವಣೆಯಲ್ಲಿ ಲ್ಯಾಚ್ ಇದೆಯಲ್ಲ. ಅಲ್ಲಿ ಕಾನ್‌ಫ್ಲಿಕ್ಟ್ ಇಲ್ಲ ಅಂತ ಹೇಗೆ ಹೇಳುತ್ತೀರಿ?

ಕರಾವಳಿ_ಕಾರ್ಟ್

ತಡ ಆಗುತ್ತಿದ್ದರೆ ಸ್ಪ್ರೈಟ್ ಜೀರೋ ಹಿಟ್ ಬಳಸಿ, ಮೊದಲ ಸ್ಪ್ರೈಟ್ (ಹಿನ್ನೆಲೆಯ ಮೇಲೆ ಇಡುವ ಸಣ್ಣ ಚಿತ್ರ) ಹಿನ್ನೆಲೆಗೆ ತಾಗಿದಾಗ ಪಿಪಿಯು ಕೊಡುವ ಗುರುತು. 63ನೇ ಸಾಲಿನ ಹತ್ತಿರ ಒಂದು ಸ್ಪ್ರೈಟ್ ಇಟ್ಟರೆ ಮುಗೀತು.

ಮಲೆನಾಡ_ಪಿಕ್ಸೆಲ್

ಎಣಿಸಿದೆ. ಮೊದಲ ತುಂಡು 13 ಟೈಲ್ ದಾಟಿ ಚೂರು. ಎರಡನೆಯದು 20 ಟೈಲ್ ಮತ್ತು ಮುಕ್ಕಾಲಿಗೆ ಸ್ವಲ್ಪ ಕಮ್ಮಿ. ಮೂರನೆಯದು 28 ಟೈಲ್ ಮತ್ತು ಕಾಲು.

ಎಮುಲೇಟರ್ ಪಾಲ್‌ನಲ್ಲಿ (ನಮ್ಮ ಕಡೆಯ 50 ಹರ್ಟ್ಸ್ ಟಿವಿ ಪದ್ಧತಿ) ಇಟ್ಟಿದ್ದೇನೆ. ನಮ್ಮ ಟಿವಿ ಪಾಲ್ ತಾನೆ. ಸೈಕಲ್ ಲೆಕ್ಕ ಎಲ್ಲ ಪಾಲ್‌ದೇ. ಎನ್‌ಎಂಐನಿಂದ ಚಿತ್ರದ ಮೊದಲ ಸಾಲಿಗೆ 71 ಸಾಲು, ಆಮೇಲೆ ಒಂದೊಂದು ಪಟ್ಟಿಗೆ 6820 ಸೈಕಲ್. ಸೆಟ್ ಮಾಮೂಲಿ ಟಿವಿ ಗೇಮ್. 1997ರಲ್ಲಿ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಅಪ್ಪ ಕೊಡಿಸಿದ್ದು.

ಆರು_ಐದು_ಸೊನ್ನೆ_ಎರಡು

ಸಿಕ್ಕಿತು ಅನ್ನಿಸುತ್ತದೆ. ನಿಮ್ಮ ತುಂಡುಗಳು ಸುಮಾರು 105, 165, 225ನೇ ಸಾಲಿನಲ್ಲಿವೆ. ನಡುವಿನ ಅಂತರ ನೋಡಿ, 60 ಮತ್ತು 60. ಇರಬೇಕಾದ್ದು 64. 60ಕ್ಕೂ 64ಕ್ಕೂ ಇರುವ ಅನುಪಾತ 15ಕ್ಕೆ 16. ಇದು ಸುಮ್ನೆ ಬರುವ ಸಂಖ್ಯೆ ಅಲ್ಲ. ಪಾಲ್ ಎನ್‌ಇಎಸ್‌ನಲ್ಲಿ ಒಂದು ಸಿಪಿಯು ಸೈಕಲ್‌ಗೆ ಪಿಪಿಯು 3.2 ಚುಕ್ಕಿ ಹೋಗುತ್ತದೆ. ನಿಮ್ಮ ಸೆಟ್‌ನಲ್ಲಿ 3 ಚುಕ್ಕಿ ಹೋಗುತ್ತಿದೆ. 3ನ್ನು 3.2ರಿಂದ ಭಾಗಿಸಿದರೆ 15ಕ್ಕೆ 16.

ಅಂದರೆ ನಿಮ್ಮದು ನಿಂಟೆಂಡೊದ ಪಾಲ್ ಎನ್‌ಇಎಸ್ ಅಲ್ಲ, ಫ್ಯಾಮಿಕಾಮ್ (ಎನ್‌ಇಎಸ್‌ನ ಜಪಾನಿ ರೂಪ) ಕ್ಲೋನ್, ಅಂದರೆ ಬೇರೆಯವರು ಮಾಡಿದ ನಕಲು. ಅದರಲ್ಲೂ ಡೆಂಡಿ ಟೈಮಿಂಗ್‌ನದ್ದು. ರಷ್ಯಾದಲ್ಲಿ 1992ರಿಂದ ಡೆಂಡಿ ಅಂತ ಮಾರಿದ ಕ್ಲೋನ್‌ನಿಂದ ಆ ಹೆಸರು ಬಂತು. ಸಿಗ್ನಲ್ ಪಾಲ್ ಟಿವಿಗೆ ಸರಿಹೋಗುತ್ತದೆ, 312 ಸಾಲು, 50 ಹರ್ಟ್ಸ್. ಆದರೆ ಆಟಗಳು ಜಪಾನ್, ಅಮೆರಿಕದ ಸೆಟ್‌ಗೆ ಬರೆದವು. ಅವು ಕೆಡದಂತೆ ಎನ್‌ಎಂಐಯನ್ನೇ 50 ಸಾಲು ತಡವಾಗಿ ಕೊಡುತ್ತಾರೆ. ಪಾಲ್ ಎನ್‌ಇಎಸ್‌ನಲ್ಲಿ ಎನ್‌ಎಂಐ 241ನೇ ಸಾಲಿಗೆ, ಇದರಲ್ಲಿ 291ಕ್ಕೆ. ಅಲ್ಲಿಂದ ಚಿತ್ರದ ಮೊದಲ ಸಾಲಿಗೆ 71 ಅಲ್ಲ, 21 ಸಾಲು ಮಾತ್ರ.

ಲೆಕ್ಕ ಹಾಕಿ ನೋಡಿ. ನೀವು 71 ಮತ್ತು 64, ಒಟ್ಟು 135 ಪಾಲ್ ಸಾಲು ಕಾಯುತ್ತೀರಿ. 15ರಿಂದ ಗುಣಿಸಿ 16ರಿಂದ ಭಾಗಿಸಿದರೆ 126.6. ಅದರಲ್ಲಿ 21 ಕಳೆದರೆ 105.6. ನೀವು ಎಣಿಸಿದ 13 ಟೈಲ್ ಮತ್ತು ಚೂರು ಅದೇ.

ಸೆಟ್ ಬಿಚ್ಚಿ ಚಿಪ್ ನಂಬರ್ ನೋಡಿ, ಖಾತ್ರಿಯಾಗುತ್ತದೆ.

ಸ್ಪ್ರೈಟ್ ಜೀರೋ ಹೇಳಿದವರಿಗೆ: ಅದು ಮೊದಲ ತುಂಡನ್ನು ಮಾತ್ರ ಸರಿಮಾಡುತ್ತದೆ. ಹಿಟ್ ಒಂದು ಫ್ರೇಮ್‌ಗೆ ಒಂದೇ ಸಲ. ಮುಂದಿನವು 60 ಸಾಲಿಗೇ ಬೀಳುತ್ತವೆ.

ಟ್ಯೂಬ್_ಟಿವಿ

ಹಾಗಾದರೆ ಶೀರ್ಷಿಕೆಯಲ್ಲಿ ಎನ್‌ಇಎಸ್ ಅಂತ ಹಾಕಿದ್ದು ತಪ್ಪು. ಕ್ಲೋನ್ ಬೇರೆ, ಎನ್‌ಇಎಸ್ ಬೇರೆ. ಮೊದಲೇ ಹೇಳಿದ್ದರೆ ಎಲ್ಲರ ಸಮಯ ಉಳಿಯುತ್ತಿತ್ತು.

ಬೆಸುಗೆ_ಕಡ್ಡಿ

ನಮ್ಮಲ್ಲಿ ಯಾರ ಮನೆಗೆ ನಿಂಟೆಂಡೊ ಡಬ್ಬ ಬಂದಿತ್ತು? ನಾವೆಲ್ಲ ಆಡಿ ಬೆಳೆದದ್ದು ಈ 60 ಪಿನ್ ಕ್ಯಾಸೆಟ್‌ನ ಸೆಟ್‌ಗಳಲ್ಲೇ. ಅದನ್ನು ಕೀಳು ಮಾಡಬೇಡಿ.

ಟ್ಯೂಬ್_ಟಿವಿ

ಕೀಳು ಅನ್ನಲಿಲ್ಲ. ಬೇರೆ ಅಂದೆ. ಇಲ್ಲಿ ತೊಂದರೆ ಆಗಿದ್ದೇ ಆ ವ್ಯತ್ಯಾಸದಿಂದ ಅಲ್ವಾ?

ಮಲೆನಾಡ_ಪಿಕ್ಸೆಲ್

ಬಿಚ್ಚಿದೆ. 40 ಕಾಲಿನ ಎರಡು ಚಿಪ್. ಒಂದರ ಮೇಲೆ ಯುಎ6527ಪಿ, ಇನ್ನೊಂದರ ಮೇಲೆ ಯುಎ6538. ಎಮುಲೇಟರ್ ಡೆಂಡಿಗೆ ತಿರುಗಿಸಿದೆ. ಅಲ್ಲೂ ಪೇಟ ಎರಡು ಸಲ! ಮೂರು ವಾರದಲ್ಲಿ ಮೊದಲ ಸಲ ತಪ್ಪು ನನ್ನ ಕಂಪ್ಯೂಟರಿನಲ್ಲೇ ಕಾಣಿಸಿತು. ಖುಷಿಗೆ ಕೂಗಿಬಿಟ್ಟೆ. ಈಗ ಯಾವ ಸಂಖ್ಯೆ ಹಾಕಲಿ?

ಆರು_ಐದು_ಸೊನ್ನೆ_ಎರಡು

6527ಪಿ, 6538 ಅಂದರೆ ಡೆಂಡಿ ಜೋಡಿಯೇ.

ಎನ್‌ಎಂಐನಿಂದ ಮೊದಲ ಸಾಲಿಗೆ 2387 ಸೈಕಲ್. ಒಂದು ಪಟ್ಟಿಗೆ 7274.67. ಪೂರ್ಣ ಸಂಖ್ಯೆ ಅಲ್ಲದ್ದರಿಂದ 7275, 7274, 7275 ಅಂತ ಹಾಕಿ. ಇದೇ ಸಂಖ್ಯೆಗಳು ಎನ್‌ಟಿಎಸ್‌ಸಿ (ಜಪಾನ್, ಅಮೆರಿಕದ ಟಿವಿ ಪದ್ಧತಿ) ಸೆಟ್‌ಗೂ ಸರಿ. ಅಲ್ಲೂ 21 ಸಾಲು, 3 ಚುಕ್ಕಿ.

ಮುಂದೆ ಪಾಲ್ ಎನ್‌ಇಎಸ್‌ನಲ್ಲೂ ಓಡಬೇಕು ಅಂದರೆ ಶುರುವಿನಲ್ಲಿ ಎರಡು ಎನ್‌ಎಂಐ ನಡುವೆ ಒಂದು ಲೂಪ್ ಎಷ್ಟು ಸಲ ಸುತ್ತುತ್ತದೆ ಅಂತ ಎಣಿಸಿ. ಒಂದು ಫ್ರೇಮ್ ಎನ್‌ಟಿಎಸ್‌ಸಿಯಲ್ಲಿ ಸುಮಾರು 29780 ಸೈಕಲ್, ಪಾಲ್‌ನಲ್ಲಿ 33247, ಡೆಂಡಿಯಲ್ಲಿ 35464. ಮಧ್ಯದ್ದು ಬಂದರೆ ನಿಮ್ಮ ಹಳೆಯ ಸಂಖ್ಯೆ, ಉಳಿದ ಎರಡಕ್ಕೂ ಹೊಸದು. ರೋಮ್ ಫೈಲಿನ ಶುರುವಿಗೆ ಎನ್‌ಇಎಸ್ 2.0 ಹೆಡರ್ ಬಳಸುತ್ತಿದ್ದರೆ 12ನೇ ಬೈಟ್ 3 ಮಾಡಿ, ಎಮುಲೇಟರ್ ತಾನೇ ಡೆಂಡಿ ಅಂತ ತಿಳಿದುಕೊಳ್ಳುತ್ತದೆ.

ಬೆಸುಗೆ_ಕಡ್ಡಿ

ಸರಿ, ಒಪ್ಪಿದೆ. ಆದರೂ ಆ ಬ್ಯಾಂಕ್ ಟೇಬಲ್ ತೆಗೆಯಬೇಡಿ. ಇದು ಸರಿಯಾದ ಮೇಲೆ ಅದು ಇಲ್ಲದಿದ್ದರೆ ಕೈಕೊಡುತ್ತದೆ.

ಮಲೆನಾಡ_ಪಿಕ್ಸೆಲ್

ಈಪ್ರೋಮ್ ಬರೆದು ಹಾಕಿದೆ. ಅಜ್ಜ ಬಂದರು. ಪೇಟ ಒಂದೇ. ಕಣ್ಣು, ಮೀಸೆ, ಕೋಟಿನ ಗುಂಡಿ ಎಲ್ಲ ಅದರದರ ಜಾಗದಲ್ಲಿ. ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಒಂದೇ ಒಂದು ಉಳಿದಿದೆ. ಪಟ್ಟಿ ಶುರುವಾಗುವ ಮೂರೂ ಕಡೆ, ಎಡ ತುದಿಯಲ್ಲಿ ಎರಡು ಟೈಲ್ ಅಗಲಕ್ಕೆ ಒಂದು ಸಣ್ಣ ಗೆರೆ ಮಿನುಗುತ್ತದೆ. ಹತ್ತಿರ ಕೂತರೆ ಕಾಣುತ್ತದೆ. ಅಪ್ಪ ಹತ್ತಿರವೇ ಕೂರುತ್ತಾರೆ.

ಆರು_ಐದು_ಸೊನ್ನೆ_ಎರಡು

ಎರಡೇ ಟೈಲ್ ಅಂದಿದ್ದು ಒಳ್ಳೆಯದಾಯಿತು. ಪಿಪಿಯು ಪ್ರತಿ ಸಾಲಿನ ಮೊದಲ ಎರಡು ಟೈಲನ್ನು ಹಿಂದಿನ ಸಾಲಿನ ಕೊನೆಯಲ್ಲೇ, 321ರಿಂದ 336ನೇ ಚುಕ್ಕಿಯಲ್ಲಿ, ಮೊದಲೇ ಓದಿಟ್ಟುಕೊಳ್ಳುತ್ತದೆ. ನಿಮ್ಮ ಬರಹ ಅದಕ್ಕಿಂತ ಚೂರು ತಡವಾಗಿ ಬೀಳುತ್ತಿದೆ. ಬರೆಯಲು ಇರುವ ಜಾಗ 257ರಿಂದ 320, ಸುಮಾರು 21 ಸೈಕಲ್. ಅದರ ಮಧ್ಯಕ್ಕೆ ಗುರಿ ಇಡಿ. ಶುರುವಿನ ಕಾಯುವಿಕೆಯನ್ನು 12 ಸೈಕಲ್ ಕಮ್ಮಿ ಮಾಡಿ ನೋಡಿ, ಮೂರೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ಎನ್‌ಎಂಐಗೆ ಕಾಯುವ ಲೂಪ್ ಬರೀ ಒಂದು ಜಂಪ್ ಇರಲಿ, ನಡುಕ ಎರಡು ಮೂರು ಸೈಕಲ್ ಒಳಗೇ ಉಳಿಯುತ್ತದೆ.

ಮಲೆನಾಡ_ಪಿಕ್ಸೆಲ್

ಗೆರೆ ಹೋಯಿತು. ಡಿದರ್ ಕೂಡ ಎರಡೂ ಹಾಕಿ ನೋಡಿದೆ. ನಮ್ಮ ಟಿವಿಯಲ್ಲಿ ಮುಖಕ್ಕೆ ಫ್ಲಾಯ್ಡ್ ಚೆನ್ನಾಗಿ ಕಂಡಿತು, ಹಿನ್ನೆಲೆಯ ಪರದೆಗೆ ಪೊಸಿಷನ್ಡ್. ಎರಡನ್ನೂ ಬೆರೆಸಿಯೇ ಇಟ್ಟಿದ್ದೇನೆ.

ಟ್ಯೂಬ್_ಟಿವಿ

ಫೋಟೋ ಹಾಕಿ. ಯಾವ ಟಿವಿ?

ಹೊಸಬ_ಹಾಸನ

ನನಗೂ ಇದೇ ತೊಂದರೆ. ದೇವಸ್ಥಾನದ ಚಿತ್ರ, ಗೋಪುರ ಎರಡು ಸಲ ಬರುತ್ತಿದೆ. ಮೇಲಿನ ಸಂಖ್ಯೆ ಹಾಕಿದರೂ ಸರಿಹೋಗಲಿಲ್ಲ.

ಆರು_ಐದು_ಸೊನ್ನೆ_ಎರಡು

ಸೆಟ್ ಬಿಚ್ಚಿ ಚಿಪ್ ನಂಬರ್ ಹೇಳಿ. ನಂಬರ್ ಇಲ್ಲದೆ, ಚಿಪ್ ಮುಚ್ಚಿದ ಕಪ್ಪು ಅಂಟಿನ ಉಂಡೆ ಮಾತ್ರ ಇದ್ದರೆ, ಚಿತ್ರ ಎಷ್ಟನೇ ಟೈಲ್‌ನಲ್ಲಿ ತುಂಡಾಗುತ್ತದೆ ಅಂತ ಎಣಿಸಿ ಹಾಕಿ.