ಮಕ್ಕಳ ರಕ್ಷಣೆ, ಪೋಷಕತ್ವದ ಕೆಲಸ: ಯಾದಗಿರಿ, ಕಲಬುರಗಿ ಕಡೆ ಯಾವ ಹುದ್ದೆ ಅವ, ಒಳಗ ಏನ್ ಕೆಲಸ ಇರ್ತದ?

ಸುರಪುರದವ ಕೇಳಿದ್ದು

ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ಸೆಮಿಸ್ಟರ್ ನಡದದ. ಮನಿ ಬಿಟ್ಟು ಬಂದ ಮಕ್ಕಳು, ಕೇಸಿನಾಗ ಸಿಕ್ಕ ಹುಡುಗರು, ತಂದಿ-ತಾಯಿ ಇಲ್ಲದವರು, ಇವರ ಜೋಡಿ ಕೆಲಸ ಮಾಡೋ ಹುದ್ದೆ ನಮ್ಮ ಕಡೆ ಯಾವ್ಯಾವು ಅವ? ಪಗಾರ ಎಷ್ಟು? ಫಾಸ್ಟರ್ ಕೇರ್ (ಪೋಷಕತ್ವ) ಅಂತಾರಲ್ಲ, ಅದರಾಗ ದಿನಾ ಮಾಡೋ ಕೆಲಸ ಏನು? ಬಿಡಿಸಿ ಹೇಳ್ರಿ. "ಸೇವಾ ಮನೋಭಾವ ಇರಬೇಕು" ಅನ್ನೋ ಉತ್ತರ ಬ್ಯಾಡ್ರಿ, ಅದು ಕಾಲೇಜಿನಾಗ ಸಾಕಷ್ಟು ಆಗ್ಯದ.

ಕಾಗಿಣಾ

ಮೊದಲು ಹುದ್ದೆ ಲೆಕ್ಕ ನೋಡ್ರಿ ತಮ್ಮಾ. ಪ್ರತಿ ಜಿಲ್ಲೆಗೆ ಒಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರ್ತದ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೈಯಾಗ. ರೊಕ್ಕ ಬರೋದು ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಿಂದ. 2022ರ ಮಾರ್ಗಸೂಚಿ ಪ್ರಕಾರ ರಕ್ಷಣಾಧಿಕಾರಿಗೆ ತಿಂಗಳಿಗೆ 27,804 ರೂಪಾಯಿ, ಕಾನೂನು ಕಮ್ ಪರಿವೀಕ್ಷಣಾಧಿಕಾರಿಗೂ (ಪ್ರೊಬೇಷನ್ ಆಫೀಸರ್) ಅಷ್ಟೇ. ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರಿಗೆ 18,536. ಔಟ್‌ರೀಚ್ ವರ್ಕರ್‌ಗೆ 10,592. ಇವೆಲ್ಲಾ ಗುತ್ತಿಗೆ. ಜಿಲ್ಲಾಡಳಿತದ ಜಾಲತಾಣದಾಗ ಪ್ರಕಟಣೆ ಬರ್ತದ, ಕಣ್ಣಿಟ್ಟಿರ್ರಿ.

ಸಂಸ್ಥೆ ಒಳಗ, ಅಂದ್ರ ಬಾಲಮಂದಿರ, ವೀಕ್ಷಣಾಲಯದಾಗ (ಕೇಸಿನಾಗ ಸಿಕ್ಕ ಮಕ್ಕಳನ್ನ ಇಡೋ ಮನಿ) ಇರೋ ಮಕ್ಕಳನ್ನ ಒಬ್ಬ ರಕ್ಷಣಾಧಿಕಾರಿ ನೋಡ್ತಾರ. ಅಸಾಂಸ್ಥಿಕ ರಕ್ಷಣಾಧಿಕಾರಿ ಅಂತ ಇನ್ನೊಬ್ಬರು. ಪೋಷಕತ್ವ, ಪ್ರಾಯೋಜಕತ್ವ (ತನ್ನವರ ಮನ್ಯಾಗೇ ಬೆಳೆಯೋ ಮಗುವಿಗೆ ತಿಂಗಳ ಸಹಾಯಧನ), 18 ದಾಟಿದವರ ಅನುಪಾಲನೆ (ಸಂಸ್ಥೆ ಬಿಟ್ಟ ಮ್ಯಾಲೆ ಕೊಡೋ ಆಸರೆ), ಮೂರೂ ಅವರ ಮೇಜಿನ ಮ್ಯಾಲೆ. ನಿಮ್ಮ ಪ್ರಶ್ನೆಗೆ ಹೊಂದೋದು ಈ ಎರಡನೇ ಹುದ್ದೆ.

ಮಕ್ಕಳ ಕಲ್ಯಾಣ ಸಮಿತಿ (ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ಆದೇಶ ಮಾಡೋ ಸಮಿತಿ) ಸದಸ್ಯರಾಗೋ ಆಸೆ ಈಗ ಬ್ಯಾಡ. ಸಂಬಂಧಪಟ್ಟ ಪದವಿ ಜೋಡಿ ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣದಾಗ ಏಳು ವರ್ಷದ ಅನುಭವ ಇರಬೇಕು, ಇಲ್ಲಾ ಆ ಪದವಿ ಇಟ್ಕೊಂಡು ವೃತ್ತಿ ಮಾಡ್ತಿರಬೇಕು. ಖಾಯಂ ನೌಕರಿನೇ ಬೇಕಂದ್ರ ಇಲಾಖೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಪರೀಕ್ಷೆ ಬೇರೆ ದಾರಿ. ಅಲ್ಲಿ 371(ಜೆ) ಮೀಸಲಾತಿ (ಕಲ್ಯಾಣ ಕರ್ನಾಟಕದವರಿಗೆ ಇರೋದು) ಲೆಕ್ಕಕ್ಕ ಬರ್ತದ, ಅರ್ಹತಾ ಪ್ರಮಾಣಪತ್ರ ಈಗೇ ಮಾಡಿಸಿಡ್ರಿ.

ಮಾಂಜ್ರಾ ದಂಡೆ, ಬೀದರ್

ಪೋಷಕತ್ವದ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿ ಹೊಸಬರೆಲ್ಲ ಒಂದು ಕಡೆ ಎಡವುತ್ತಾರೆ. ಅಪ್ಪ ತೀರಿಹೋಗಿ, ಅಮ್ಮ ಬೇರೆ ಮದುವೆಯಾಗಿ, ಮಗು ಅಜ್ಜಿ ಮನೆಯಲ್ಲಿದ್ದರೆ ಅದನ್ನು ಪೋಷಕತ್ವ ಎಂದು ಅರ್ಜಿ ಬರೆಸುತ್ತಾರೆ. ಅಜ್ಜಿ, ಸೋದರಮಾವ, ದೊಡ್ಡಪ್ಪ ಸಾಕುತ್ತಿದ್ದರೆ ಸಾಮಾನ್ಯವಾಗಿ ಅದು ಪ್ರಾಯೋಜಕತ್ವ. ಪೋಷಕತ್ವ ಎಂದರೆ ಮಗು ತನ್ನದಲ್ಲದ ಕುಟುಂಬಕ್ಕೆ ಹೋಗುವುದು. ಎರಡಕ್ಕೂ ತಿಂಗಳಿಗೆ 4,000 ರೂಪಾಯಿಯೇ, ಆದರೆ ಕಾಗದ ಬೇರೆ, ಹೊಣೆ ಬೇರೆ. ಪ್ರಾಯೋಜಕತ್ವಕ್ಕೆ ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದ ಕಡೆ 96,000 ರೂಪಾಯಿ ಮೀರಬಾರದು.

ಯಾದಗಿರಿ, ಕಲಬುರಗಿ, ಬೀದರ್, ನಮ್ಮ ಮೂರೂ ಜಿಲ್ಲೆಗಳಲ್ಲಿ ನಿಮ್ಮ ಕೈಗೆ ಹೆಚ್ಚು ಬರುವುದು ಪ್ರಾಯೋಜಕತ್ವದ ಕಡತಗಳೇ. ಪೋಷಕ ಕುಟುಂಬಗಳನ್ನು ಹುಡುಕಿ ತಯಾರು ಮಾಡುವುದು ನಿಧಾನದ ಕೆಲಸ. "ಸಣ್ಣ ಕೂಸು ಕೊಡಿ" ಎಂದು ಬರುವವರಿಗೆ ಬೇಕಿರುವುದು ದತ್ತು. 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಪೋಷಕತ್ವ ಇರುವುದು ಆರು ವರ್ಷ ದಾಟಿದ ಮಕ್ಕಳಿಗೆ. ಒಂಟಿ ಮಹಿಳೆ ಗಂಡು, ಹೆಣ್ಣು ಯಾವ ಮಗುವನ್ನಾದರೂ ಸಾಕಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ಎರಡು ವರ್ಷ ಸಾಕಿದ ಮೇಲೆ ಅದೇ ಕುಟುಂಬ ದತ್ತು ಕೇಳಬಹುದು, ಮೊದಲು ಇದು ಐದು ವರ್ಷವಿತ್ತು. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಟ್ಟರೆ ಅರ್ಧ ಜನ ಅಲ್ಲೇ ಎದ್ದು ಹೋಗುತ್ತಾರೆ, ಹೋಗಲಿ.

ಉಳಿದವರ ಗೃಹ ಅಧ್ಯಯನ ನಿಮ್ಮದು, ಕೇಂದ್ರದ 2016ರ ಬಾಲ ನ್ಯಾಯ ಮಾದರಿ ನಿಯಮಗಳ ನಮೂನೆ 30. ಆದೇಶ ಮಕ್ಕಳ ಕಲ್ಯಾಣ ಸಮಿತಿಯದು, ನಮೂನೆ 32. ಕುಟುಂಬದ ಮುಚ್ಚಳಿಕೆ ನಮೂನೆ 33. ಗೃಹ ಅಧ್ಯಯನವೆಂದರೆ ಮನೆಗೆ ಎಷ್ಟು ಕೋಣೆ ಎಂದು ಬರೆಯುವುದಲ್ಲ. ಗಂಡ-ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಮಾತಾಡಿ. ಮನೆಯಲ್ಲಿರುವ ಸ್ವಂತ ಮಕ್ಕಳನ್ನು ಕೇಳಿ. ಬರುವ ಮಗು ಎಲ್ಲಿ ಮಲಗುತ್ತದೆ, ಯಾವ ಶಾಲೆಗೆ, ಹೊಲಕ್ಕೆ ಹೋಗುವ ದಿನ ಮನೆಯಲ್ಲಿ ಯಾರಿರುತ್ತಾರೆ? ಹತ್ತಿಯ ಹಂಗಾಮಿನಲ್ಲಿ 13ರ ಹುಡುಗಿ "ಮನೆಗೆ ಆಸರೆ" ಎನ್ನುವವರ ಮನೆಗೆ ಮಗು ಕೊಟ್ಟರೆ ಬಾಲಕಾರ್ಮಿಕಳನ್ನು ಕೊಟ್ಟ ಹಾಗೆಯೇ. ಪಕ್ಕದ ಮನೆಯವರ ಜೊತೆ, ಅಂಗನವಾಡಿ ಕಾರ್ಯಕರ್ತೆಯ ಜೊತೆ ಹತ್ತು ನಿಮಿಷ ಮಾತಾಡದೆ ವರದಿಗೆ ಸಹಿ ಹಾಕಬೇಡಿ.

ತೊಗರಿ ನಾಡು

ಮಾಂಜ್ರಾ ಮೇಡಂ ಹೇಳಿದ್ದಕ್ಕ ಎರಡು ಮಾತು ಸೇರಿಸ್ತೀನಿ. ಮಂಜೂರಾದ ರೊಕ್ಕ ಎಲ್ಲಿ ನಿಲ್ತದ ಅಂದ್ರ ಬ್ಯಾಂಕಿನಾಗ. ಆಧಾರದಾಗ ಒಂದು ಹೆಸರು, ಶಾಲೆ ದಾಖಲೆಯಾಗ ಇನ್ನೊಂದು, ಖಾತೆಗೆ ಆಧಾರ್ ಜೋಡಣೆನೇ ಆಗಿರಂಗಿಲ್ಲ. ಅರ್ಜಿ ಬರೆಸೋ ದಿನಾನೇ ಮೂರೂ ಕಾಗದ ಒಂದರ ಪಕ್ಕ ಒಂದಿಟ್ಟು ನೋಡ್ರಿ. ಅಜ್ಜಿ ಹೆಸರಿನ ಜಂಟಿ ಖಾತೆ ಇದ್ದರ ಸಮಿತಿ ಆದೇಶದ ಪ್ರತಿ ಅಜ್ಜಿ ಕೈಯಾಗ ಕೊಟ್ಟು ಕಳಿಸ್ರಿ, ಇಲ್ಲಂದ್ರ ಬ್ಯಾಂಕಿನವರು ವಾಪಸ್ ಕಳಿಸ್ತಾರ.

ಎರಡನೇದು ಗುಳೆ. ಮಗು 30 ದಿನಕ್ಕಿಂತ ಹೆಚ್ಚು ಶಾಲೆ ತಪ್ಪಿಸಿದ್ರ ಪ್ರಾಯೋಜಕತ್ವ ನಿಲ್ಲಿಸಬಹುದು ಅಂತ ನಿಯಮ. ನಮ್ಮ ತಾಂಡಾ, ಹಳ್ಳಿ ಜನ ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದಿಗೆ ದುಡಿಯಾಕ ಹೋಗುವಾಗ ಮಕ್ಕಳನ್ನೂ ಕರ್ಕೊಂಡು ಹೋಗ್ತಾರ. ಮನಿಗೆ ಬೀಗ, ಹಾಜರಾತಿ ಸೊನ್ನಿ, ಸಹಾಯ ಬಂದ್. ಅದಕ್ಕ ಬನ್ನಿ ಹಬ್ಬಕ್ಕಿಂತ ಮೊದಲೇ ಒಂದು ಸುತ್ತು ಭೇಟಿ ಮುಗಿಸ್ರಿ. ಹೋಗೋ ಕುಟುಂಬದ ಮಕ್ಕಳಿಗೆ ಋತುಮಾನ ವಸತಿ ಕೇಂದ್ರ, ಹುಡುಗೇರಿಗೆ ಆರನೇತ್ತೆಯಿಂದ ಕಸ್ತೂರಬಾ ಶಾಲೆ ಇಲ್ಲಾ ಇಲಾಖೆ ಹಾಸ್ಟೆಲ್, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಜೋಡಿ ಮಾತಾಡಿ ಇಡ್ರಿ. ಊರಿನ ಜಾತ್ರಿ, ಯುಗಾದಿಗೆ ಎಲ್ಲಾರೂ ಮನ್ಯಾಗ ಸಿಗ್ತಾರ, ಮುಂದಿನ ಭೇಟಿ ಆಗ.

ಭಾಷೆ ಮರಿಬ್ಯಾಡ್ರಿ. ತಾಂಡಾದ ಹುಡುಗಿ ಲಂಬಾಣಿಯಾಗ ಹೇಳೋದನ್ನ ಕನ್ನಡದಾಗ ಹೇಳಂಗಿಲ್ಲ. ಆದ್ರ ಅವರ ಸಂಬಂಧಿಕರನ್ನೇ ದುಭಾಷಿ ಮಾಡಿದ್ರ ಆಕಿ ಬಾಯಿನೇ ಬಿಡಂಗಿಲ್ಲ.

ಸುರಪುರದವ

ಅಕ್ಕಾ, ಅಣ್ಣಾ, ಭಾಳ ಉಪಕಾರ ಆತು. ಕೇಸಿನಾಗ ಸಿಕ್ಕ ಹುಡುಗರ ಕೆಲಸ ಹೆಂಗ? ಅದು ಪೊಲೀಸರದ್ದೇ ಅಲ್ಲೇನು?

ಕಾಗಿಣಾ

ಅಲ್ಲ. ಬಾಲ ನ್ಯಾಯ ಮಂಡಳಿಯಾಗ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಕೂಡ್ತಾರ. ಅವರ ಮುಂದ ಹುಡುಗನ ಮನಿ, ಶಾಲೆ, ಗೆಳೆಯರು, ಚಟ ಎಲ್ಲಾ ಇಡೋದು ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿ, ನಮೂನೆ 6. ಎರಡು ವಾರದಾಗ ಕೊಡಬೇಕು. ಬಾಲ ನ್ಯಾಯ ಕಾಯ್ದೆಯ ಕಲಂ 12ರ ಪ್ರಕಾರ ಜಾಮೀನು ಕೊಡೋದೇ ನಿಯಮ. ಗೊತ್ತಿರೋ ಅಪರಾಧಿಗಳ ಸಂಗಡ ಬೀಳ್ತಾನ, ಅವನಿಗೇ ಅಪಾಯ ಅದ, ನ್ಯಾಯದ ಉದ್ದೇಶ ಕೆಡ್ತದ, ಈ ಮೂರರಾಗ ಒಂದಿದ್ರ ಮಾತ್ರ ನಿರಾಕರಣೆ. ನೀವು "ಸಹವಾಸ ಸರಿಯಿಲ್ಲ" ಅಂತ ಒಂದು ಸಾಲು ಗೀಚಿದ್ರ ಹುಡುಗ ವೀಕ್ಷಣಾಲಯದಾಗೇ ಉಳಿಬಹುದು. ಯಾರ ಸಹವಾಸ, ಎಲ್ಲಿ, ಬಿಡಿಸೋ ದಾರಿ ಏನು, ಸೋದರಮಾವನ ಊರಿಗೆ ಕಳಿಸಬಹುದೇನು, ಅಷ್ಟು ಬರೀಬೇಕು. ಎಫ್‌ಐಆರ್ ನಕಲು ಮಾಡಿ ಕಳಿಸೋ ವರದಿ ಭಾಳ ಬರ್ತಾವ, ಮಂಡಳಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಫೋಟೊ ವಿಷಯ. ಮಗುವಿನ ಹೆಸರು, ಶಾಲೆ, ಮುಖ ಹೊರಗ ಬಿಟ್ಟರ ಅದೇ ಕಾಯ್ದೆಯ ಕಲಂ 74ರ ಅಡಿ ಆರು ತಿಂಗಳ ತನಕ ಜೈಲು, ಇಲ್ಲಾ ಎರಡು ಲಕ್ಷದ ತನಕ ದಂಡ, ಎರಡೂ ಆಗಬಹುದು. "ಇಂದು ರಕ್ಷಣೆ ಮಾಡಲಾಯಿತು" ಅಂತ ವಾಟ್ಸಾಪ್ ಸ್ಟೇಟಸ್ ಹಾಕೋದೂ ಇದರಾಗೇ ಬರ್ತದ.

ಮಾಂಜ್ರಾ ದಂಡೆ, ಬೀದರ್

ಓಡಿಹೋಗಿ ಸಿಕ್ಕ 15, 16ರ ಹುಡುಗಿಯರ ವಿಷಯ ಇದಕ್ಕಿಂತ ಕಷ್ಟ. ಮನೆಗೆ ಒಪ್ಪಿಸಿದ ಕೂಡಲೇ ಗುಟ್ಟಾಗಿ ಮದುವೆ ಗೊತ್ತು ಮಾಡುತ್ತಾರೆ, ಹುಡುಗ ಗಡಿಯಾಚೆ ತೆಲಂಗಾಣ ಇಲ್ಲವೇ ಮಹಾರಾಷ್ಟ್ರದವನಾಗಿರುತ್ತಾನೆ. ಒಪ್ಪಿಸುವ ಮೊದಲೇ ಪಿಡಿಒಗೆ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಲಿಖಿತ ಮಾಹಿತಿ ಕೊಡಿ, ಅವರೂ ಬಾಲ್ಯವಿವಾಹ ನಿಷೇಧಾಧಿಕಾರಿ. ಮೊದಲ ತಿಂಗಳು ವಾರಕ್ಕೊಮ್ಮೆ ಭೇಟಿ ಇರಲಿ. ಸುಳಿವು ಸಿಕ್ಕರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಕಲಂ 13ರಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ಸಿಗುತ್ತದೆ. ತಡೆಯಾಜ್ಞೆ ಮೀರಿ ಮಾಡಿದ ಮದುವೆ ಅನೂರ್ಜಿತ.

ಇನ್ನು 18 ತುಂಬುವವರು. ಅನುಪಾಲನೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಬಾಲಮಂದಿರದಿಂದ ಹೊರಬೀಳುವ ದಿನ ಅಂಕಪಟ್ಟಿಯೂ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ ಎಂಬ ಸ್ಥಿತಿ ಬರಬಾರದು. 17 ತುಂಬಿದಾಗಲೇ ಆಧಾರ್, ಜಾತಿ-ಆದಾಯ ಪತ್ರ, ಅಂಕಪಟ್ಟಿ ಕೂಡಿಸಿ. ಐಟಿಐ ಆಗಲಿ, ಕಲಬುರಗಿಯ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಆಗಲಿ, ಪ್ರವೇಶದ ತಿಂಗಳು ತಪ್ಪಿದರೆ ಒಂದು ವರ್ಷ ಕೈಬಿಟ್ಟಿತು.

ತೊಗರಿ ನಾಡು

ತಮ್ಮಾ, ಪ್ರಾಜೆಕ್ಟ್ ವಿಷಯ ಇನ್ನೂ ಆರಿಸಿಲ್ಲಂದ್ರ ಫೀಲ್ಡ್‌ವರ್ಕ್ ನಿಮ್ಮ ಜಿಲ್ಲಾ ಘಟಕದಾಗೇ ಕೇಳ್ರಿ, ವಿಭಾಗದ ಪತ್ರ ಬೇಕಾಗ್ತದ. ನಿಮ್ಹಾನ್ಸ್‌ನ ಸಂವಾದ್ ತಂಡ ಮಕ್ಕಳ ಮನೋಸಾಮಾಜಿಕ ಆರೈಕೆ ಮೇಲೆ ತರಬೇತಿ ಕೊಡ್ತದ, ಅದನ್ನೂ ನೋಡ್ರಿ. ಬೈಕ್ ಲೈಸೆನ್ಸ್ ಇಲ್ಲಂದ್ರ ಈ ರಜದಾಗೇ ಮಾಡಿಸ್ರಿ. ತಾಂಡಾಕ್ಕ ಬಸ್ ನಂಬ್ಕೊಂಡು ಹೋದ್ರ ದಿನಕ್ಕ ಒಂದೇ ಮನಿ ಮುಟ್ಟೋದು.