ಡೊರೇಮಾನ್ ಓಲೆ ಹಾಕಿದ ಮೇಲೆ ಕಿವಿ ಸೋರುತ್ತಿದೆ: ಚರ್ಮ ವೈದ್ಯರಿಗೆ ಪ್ರಶ್ನೆ

ಪ್ರಶ್ನೆ (ಗೋಣಿಕೊಪ್ಪದಿಂದ, ತಾಯಿ): ಡಾಕ್ಟ್ರೇ, ನಮಸ್ಕಾರ. ಮಗಳಿಗೆ 17, ಪಿಯುಸಿ ಓದುತ್ತಿದ್ದಾಳೆ. ಎರಡು ತಿಂಗಳ ಹಿಂದೆ ಕಿವಿಯ ಹಾಲೆಗೆ ಎರಡನೇ ತೂತು ಹಾಕಿಸಿಕೊಂಡಳು. ಹೋದ ವಾರ ಆನ್‌ಲೈನ್‌ನಲ್ಲಿ ತರಿಸಿದ ಡೊರೇಮಾನ್ ಕಾರ್ಟೂನ್ ಬೊಂಬೆಯ ಓಲೆ ಹಾಕಿದಳು. ಮೂರನೇ ದಿನಕ್ಕೆ ತುರಿಕೆ ಶುರುವಾಯಿತು, ಈಗ ನೀರು ಸೋರುತ್ತಿದೆ. ಚಿನ್ನದ ಓಲೆ ಇರುವ ಹಳೇ ತೂತು ಚೆನ್ನಾಗೇ ಇದೆ. ಅತ್ತೆ ಅರಿಸಿನ, ತೆಂಗಿನೆಣ್ಣೆ ಹಚ್ಚು ಅನ್ನುತ್ತಾರೆ. ಬೊಂಬೆ ಓಲೆ ಬೇಡವೇ ಬೇಡ ಅಂದರೆ ಮಗಳು ಅಳುತ್ತಾಳೆ.

ಉತ್ತರ: ನಮಸ್ಕಾರ ಅಮ್ಮ. ತುರಿಕೆ, ತೆಳು ನೀರು, ಲೋಹ ತಾಗಿದಷ್ಟೇ ಜಾಗದಲ್ಲಿ ಕೆಂಪು: ಇದು ಹೆಚ್ಚಾಗಿ ನಿಕಲ್ ಎಂಬ ಲೋಹದ ಅಲರ್ಜಿ. ಅಗ್ಗದ ಓಲೆಯ ಕಡ್ಡಿಯಲ್ಲಿ ಬೆರಕೆ ಲೋಹ ಇರುತ್ತದೆ, ಮೇಲಿನ ಲೇಪ ಬೆವರಿಗೆ ಸವೆದರೆ ಒಳಗಿನ ನಿಕಲ್ ಚರ್ಮಕ್ಕೆ ಇಳಿಯುತ್ತದೆ. ಯುರೋಪಿನಲ್ಲಿ ತೂತಿಗೆ ಹಾಕುವ ಒಡವೆಯಿಂದ ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.2 ಮೈಕ್ರೊಗ್ರಾಂಗಿಂತ ಹೆಚ್ಚು ನಿಕಲ್ ಇಳಿಯಬಾರದೆಂಬ ನಿಯಮವೇ ಇದೆ.

ಆ ಓಲೆಯನ್ನು ಇವತ್ತೇ ತೆಗೆಯಿರಿ. ತೂತು ಮುಚ್ಚಿಕೊಳ್ಳುತ್ತದೆ ಅನ್ನುವ ಭಯವಿದ್ದರೆ ಟೈಟಾನಿಯಂ ಅಥವಾ 22 ಕ್ಯಾರೆಟ್ ಚಿನ್ನದ ಸಾದಾ ಕಡ್ಡಿ ಹಾಕಿ. ಮೆಡಿಕಲ್ ಶಾಪಿನಲ್ಲಿ ಸಿಗುವ 0.9 ಶೇಕಡಾ ಸಲೈನಿನಲ್ಲಿ ದಿನಕ್ಕೆರಡು ಸಲ ಒರೆಸಿ, ಒಣಗಿಸಿ. ಅತ್ತೆಯವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಸೋರುವ ಗಾಯಕ್ಕೆ ಎಣ್ಣೆ, ಅರಿಸಿನ ಬೇಡ. ಕೇಳಿದ ಕೂಡಲೇ ಅಂಗಡಿಯಲ್ಲಿ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮೂ ಬೇಡ. ನಮ್ಮ ಮಳೆಗಾಲದಲ್ಲಿ ಹುಡುಗಿಯರ ಜಡೆ ಸಂಜೆಯವರೆಗೂ ಒಣಗುವುದಿಲ್ಲ; ಒದ್ದೆ ಕೂದಲು ಕಿವಿಗೆ ಅಂಟಿಕೊಂಡೇ ಇದ್ದರೆ ಯಾವ ಗಾಯವೂ ಮಾಯುವುದಿಲ್ಲ. ನೋವು, ಬಿಸಿ, ಹಳದಿ ಕೀವು ಕಂಡರೆ ಕಾಯದೆ ತೋರಿಸಿ.

ಮಗಳ ಆಸೆಯನ್ನು ಮಾತ್ರ ಕಿತ್ತುಕೊಳ್ಳಬೇಡಿ. ಟೈಟಾನಿಯಂ ಕಡ್ಡಿಗೆ ತಿರುಗಿಸಿ ಕೂರಿಸುವ ಬೊಂಬೆ ಮುಖಗಳು ಸಿಗುತ್ತವೆ. ಬೊಂಬೆಯ ಹಿಂಬದಿಯೂ ಚರ್ಮಕ್ಕೆ ತಾಗುವುದರಿಂದ ಅದೂ ಟೈಟಾನಿಯಂ ಇರಲಿ. ‘ಸರ್ಜಿಕಲ್ ಸ್ಟೀಲ್’ ಅಂದರೆ ನಿಕಲ್ ಇಲ್ಲ ಅಂತ ತಿಳಿಯಬೇಡಿ. ಆ ಹೆಸರಲ್ಲಿ ಮಾರುವ 316ಎಲ್ ಎಂಬ ಬಗೆಯ ಸ್ಟೀಲಿನಲ್ಲಿ ಶೇಕಡಾ 10ಕ್ಕೂ ಹೆಚ್ಚು ನಿಕಲ್ ಇದೆ. ಸ್ಟೀಲು ಆ ನಿಕಲನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ ನಿಜ, ಆದರೆ ಒಮ್ಮೆ ಅಲರ್ಜಿ ಬಂದವರಿಗೆ ನಾನು ಅದನ್ನು ಹೇಳುವುದಿಲ್ಲ. ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ.

ಪ್ರಶ್ನೆ (ಮಡಿಕೇರಿಯಿಂದ, ವಿದ್ಯಾರ್ಥಿ): ಮೇಡಂ, ಪಿಕಾಚು ಉಂಗುರ ಹಾಕಿ ನನ್ನ ಬೆರಳು ಹಸಿರಾಗಿದೆ. ತುರಿಕೆ ಇಲ್ಲ. ಇದೂ ಅಲರ್ಜಿಯಾ? ಇನ್ನೊಂದು, ಮೇಲ್ಗಿವಿಗೆ ಗನ್ನಿನಲ್ಲಿ ಚುಚ್ಚಿಸಬಹುದಾ?

ಉತ್ತರ: ಹಸಿರು ತಾಮ್ರದ್ದು ತಮ್ಮಾ. ಬೆವರು ಸೇರಿ ಹಾಗಾಗುತ್ತದೆ, ಸೋಪು ಹಾಕಿ ತೊಳೆದರೆ ಹೋಗುತ್ತದೆ. ಕೈ ತೊಳೆಯುವಾಗ ಉಂಗುರ ತೆಗೆದಿಡು.

ಮೇಲ್ಗಿವಿಗೆ ಗನ್ ಖಂಡಿತ ಬೇಡ. ಅಲ್ಲಿರುವುದು ಮೃದ್ವಸ್ಥಿ, ಅಂದರೆ ಮೆತ್ತನೆ ಎಲುಬು, ಗನ್ನಿನ ಹೊಡೆತಕ್ಕೆ ಅದು ನಲುಗುತ್ತದೆ. ಅದಕ್ಕೆ ತನ್ನದೇ ರಕ್ತನಾಳ ಇಲ್ಲ, ಸೋಂಕು ಹತ್ತಿದರೆ ಔಷಧಿಯೂ ಸರಿಯಾಗಿ ತಲುಪುವುದಿಲ್ಲ, ಕಿವಿಯ ಆಕಾರವೇ ಮುದುಡಿಹೋಗಬಹುದು. ಹೊಸ ಸೂಜಿ ಬಳಸುವವರ ಹತ್ತಿರವೇ ಹೋಗು. ಹಾಲೆಯ ತೂತು 6–8 ವಾರದಲ್ಲಿ ಮಾಗುತ್ತದೆ, ಮೇಲ್ಗಿವಿಗೆ ಆರು ತಿಂಗಳು, ಕೆಲವರಿಗೆ ವರ್ಷವೂ ಬೇಕು. ಪೂರ್ತಿ ಮಾಗುವ ತನಕ ಪಿಕಾಚುವಿನಂಥ ಬೊಂಬೆ ಓಲೆ ಡಬ್ಬಿಯಲ್ಲೇ ಇರಲಿ.

ತಾಯಿ: ಓಲೆ ತೆಗೆದೆವು ಡಾಕ್ಟ್ರೇ, ತುರಿಕೆ ಕಡಿಮೆಯಾಗಿದೆ. ಮುಂದಿನ ತಿಂಗಳು ವಿರಾಜಪೇಟೆಯಲ್ಲಿ ಮದುವೆ ಇದೆ. ಜರ್ಮನ್ ಸಿಲ್ವರ್ ಜುಮುಕಿ ಹಾಕಬಹುದಾ?

ಉತ್ತರ: ಬೇಡಮ್ಮ. ಹೆಸರಲ್ಲಿ ಬೆಳ್ಳಿ ಇದೆಯೇ ಹೊರತು ಅದರಲ್ಲಿ ಬೆಳ್ಳಿ ಇಲ್ಲ. ತಾಮ್ರ, ಸತು, ನಿಕಲ್ ಸೇರಿಸಿ ಮಾಡುವ ಲೋಹ ಅದು. ಅಜ್ಜಿಯದೋ ನಿಮ್ಮದೋ ಚಿನ್ನದ ಜುಮುಕಿ ಇದ್ದರೆ ಹಳೇ ತೂತಿಗೆ ಅದನ್ನೇ ಹಾಕಿ. ಹೊಸ ತೂತಿಗೆ ಸಾದಾ ಕಡ್ಡಿಯೇ ಇರಲಿ.