ಮಳೆಗಾಲದ ಬೂಷ್ಟು: ವಿನೆಗರ್ ಹಚ್ಚುವ ಮುಂಚೆ ಗೋಡೆ ನೋಡಿ

ಪ್ರಶ್ನೆ (ತೀರ್ಥಹಳ್ಳಿಯಿಂದ): ಸಾರ್, ನಮ್ಮದು ಹೊಸ ಆರ್‌ಸಿಸಿ ಮನೆ. ಜುಲೈ ಬಂತು ಅಂದ್ರೆ ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಮಗನಿಗೆ ಉಬ್ಬಸ ಇದೆ, ಬ್ಲೀಚಿಂಗ್ ಪೌಡರ್ ವಾಸನೆ ಆಗುವುದಿಲ್ಲ. ಅದಕ್ಕೇ ವಿನೆಗರ್ ಮತ್ತು ಅಡುಗೆ ಸೋಡಾ ಕಲಸಿ ಹಚ್ಚಿದೆ. ಸ್ವಲ್ಪ ದಿನಕ್ಕೇ ಮತ್ತೆ ಬಂತು. ಏನು ಮಾಡಲಿ?

ಉತ್ತರ (ಕಟ್ಟಡ ದುರಸ್ತಿ ಮಾಡುವ ಸಿವಿಲ್ ಇಂಜಿನಿಯರ್): ಮೇಡಂ, ಮೊದಲು ಆ ಮಿಶ್ರಣದ ವಿಷಯ. ವಿನೆಗರ್ ಆಮ್ಲ, ಸೋಡಾ ಕ್ಷಾರ. ಎರಡೂ ಸೇರಿದರೆ ಬುಸ್ ಅಂತ ನೊರೆ ಬರುತ್ತದೆ. ಆಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು, ಅದರಿಂದ ಬೂಷ್ಟು ಸಾಯುವುದಿಲ್ಲ. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ.

ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಆಮ್ಲ ಇರುವುದೇ ಶೇಕಡಾ 4ರಿಂದ 5. ನೀರು ಬೆರೆಸಬೇಡಿ, ಹಾಗೇ ಸ್ಪ್ರೇ ಬಾಟಲಿಗೆ ಹಾಕಿ. ಗೋಡೆ ಒದ್ದೆಯಾಗುವಷ್ಟು ಸಿಂಪಡಿಸಿ ಒಂದು ಗಂಟೆ ಬಿಡಿ. ಆಮೇಲೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಒಣ ಗೋಡೆಯನ್ನು ಮಾತ್ರ ಯಾವತ್ತೂ ಉಜ್ಜಬೇಡಿ. ಬೂಷ್ಟಿನ ಕಣಗಳು ಕೋಣೆಯೆಲ್ಲ ಹಾರುತ್ತವೆ. ಕೆಲಸ ಮಾಡುವವರಿಗೆ ಎನ್-95 ಮಾಸ್ಕ್, ಕೈಗವಸು ಇರಲಿ. ಮಗ ಅವತ್ತು ಆ ಕೋಣೆಗೆ ಬರುವುದು ಬೇಡ, ರಾತ್ರಿಯೂ ಬೇರೆ ಕಡೆ ಮಲಗಲಿ.

ಇದರಿಂದ ಹೋಗುವುದು ಮೇಲಿನದು ಮಾತ್ರ. ಎಲ್ಲ ಜಾತಿಯ ಬೂಷ್ಟೂ ವಿನೆಗರ್‌ಗೆ ಬಗ್ಗುವುದಿಲ್ಲ. ಗಾರೆಯ ಒಳಗೆ ನೀರು ಇರುವ ತನಕ ಅದು ಮತ್ತೆ ಬರುತ್ತದೆ. ಆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದೇ ನಿಜವಾದ ಕೆಲಸ.

ಒಂದು ಸುಲಭದ ಪರೀಕ್ಷೆ ಇದೆ. ಬೂಷ್ಟು ಬಂದ ಜಾಗವನ್ನು ಒರೆಸಿ ಒಣಗಿಸಿ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಗಡೆ, ಅಂದರೆ ಗೋಡೆಯ ಕಡೆ ಪಸೆ ಇದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಕೋಣೆಯ ಕಡೆ ಪಸೆ ಇದ್ದರೆ ಒಳಗಿನ ಗಾಳಿಯ ತೇವ ತಣ್ಣನೆಯ ಗೋಡೆಗೆ ಬಡಿದು ನೀರಾಗುತ್ತಿದೆ.

ಪ್ರಶ್ನೆ (ಅವರೇ): ನೋಡಿದೆ ಸಾರ್. ಗೋಡೆಯ ಕಡೆಗೇ ಪಸೆ ಇದೆ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ ಅಂತಾರೆ ಇಲ್ಲಿನವರು.

ಉತ್ತರ: ದಯವಿಟ್ಟು ಈಗ ಹೊಡೆಸಬೇಡಿ. ಹೊರಗಿನ ನೀರು ಬರುತ್ತಲೇ ಇರುತ್ತದೆ. ಪೇಂಟಿನ ಹಿಂದೆ ಸಿಕ್ಕಿಕೊಂಡು ಗುಳ್ಳೆ ಎಬ್ಬಿಸುತ್ತದೆ, ಆಮೇಲೆ ಪದರವೇ ಕಿತ್ತು ಬರುತ್ತದೆ. ನಿಮ್ಮ ಕಡೆ ಮಳೆ ಗಾಳಿ ಸಮೇತ ಪಶ್ಚಿಮದಿಂದಲೇ ಬಡಿಯುತ್ತದೆ ಅಲ್ವಾ? ಹಳೆ ಮನೆಗಳಿಗೆ ಮಾಡು ಮುಂದಕ್ಕೆ ಚಾಚಿರುತ್ತಿತ್ತು. ಎರಚಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಗೋಡೆಗೆ ಮಳೆ ತಾಗುತ್ತಲೇ ಇರಲಿಲ್ಲ. ಹೊಸ ಮನೆಗಳಲ್ಲಿ ನಾವು ಆ ಜ್ಞಾನ ಬಿಟ್ಟಿದ್ದೇವೆ, ನನಗೆ ಇದು ತುಂಬಾ ಬೇಸರದ ವಿಷಯ.

ಈ ವರ್ಷಕ್ಕೆ ತಟ್ಟಿಯೋ ಟಾರ್ಪಾಲೋ ಕಟ್ಟಿಸಿ. ಗೋಡೆಗೆ ಅಂಟಿದ ಹಾಗೆ ಬೇಡ, ನಡುವೆ ಗಾಳಿ ಆಡಬೇಕು. ಮಳೆ ನಿಂತು ಗೋಡೆ ಪೂರ್ತಿ ಒಣಗಿದ ಮೇಲೆ, ಜನವರಿಯ ನಂತರ, ಹೊರಗಿನ ಬಿರುಕು ಮುಚ್ಚಿಸಿ. ಆ ಕಡೆ ಒಂದು ಶೀಟಿನ ಇಳಿಮಾಡು ಹಾಕಿಸಿ. ಒಳಗಡೆ ಪೇಂಟ್ ಕೆರೆಸಿ ಸುಣ್ಣ ಹೊಡೆಸಿ. ಸುಣ್ಣ ಪ್ರಬಲ ಕ್ಷಾರ, ಹೊಸದರಲ್ಲಿ ಬೂಷ್ಟು ಅದರ ಮೇಲೆ ಬೆಳೆಯಲಾರದು. ಗೋಡೆಯ ತೇವ ಹೊರಬರಲೂ ಅದು ಬಿಡುತ್ತದೆ. ಎಮಲ್ಷನ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಅದಕ್ಕೇ ಕೆರೆಸಲು ಹೇಳಿದ್ದು. ಸುಣ್ಣ ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ, ಹೊಡೆಯುವವರು ಕನ್ನಡಕ ಹಾಕಲೇಬೇಕು.

ಬೂಷ್ಟು 10 ಚದರ ಅಡಿಗಿಂತ ಜಾಸ್ತಿ ಹರಡಿದ್ದರೆ ನೀವೇ ಉಜ್ಜಲು ಹೋಗಬೇಡಿ. ಗೊತ್ತಿದ್ದವರನ್ನು ಕರೆಸಿ.

ಪ್ರಶ್ನೆ (ಬೆಂಗಳೂರಿನಿಂದ): ಫ್ಲಾಟ್‌ನ ಬಾತ್‌ರೂಮಿನಲ್ಲಿ ಟೈಲ್ಸ್ ಸಂದಿ ಕಪ್ಪಾಗಿದೆ. ಕಡಪ ಕಲ್ಲಿನ ಶೆಲ್ಫ್ ಮೇಲೂ ಇದೆ. ವಿನೆಗರ್ ಹಾಕಬಹುದಾ?

ಉತ್ತರ: ಕಡಪ ಕಲ್ಲಿಗೆ, ಮಾರ್ಬಲ್‌ಗೆ ವಿನೆಗರ್, ನಿಂಬೆಹಣ್ಣು ಎರಡೂ ಬೇಡ. ಅವು ಸುಣ್ಣದಂಶದ ಕಲ್ಲುಗಳು, ಆಮ್ಲಕ್ಕೆ ಹೊಳಪು ಹೋಗುತ್ತದೆ. ಅಲ್ಲಿಗೆ ಅಡುಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಹತ್ತು ನಿಮಿಷ ಬಿಟ್ಟು ಮೆದು ಬಟ್ಟೆಯಲ್ಲಿ ಒರೆಸಿ. ಟೈಲ್ಸ್ ಸಂದಿಗೂ ಅದೇ ಸಾಕು, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಸ್ನಾನ ಆದ ಮೇಲೆ ಗೋಡೆಗೆ ಒಮ್ಮೆ ವೈಪರ್ ಎಳೆಯಿರಿ, ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ.

ಒಂದು ಮಾತು ಎಲ್ಲರಿಗೂ. ವಿನೆಗರ್ ಆಗಲಿ, ಬಾತ್‌ರೂಮ್ ಆಸಿಡ್ ಆಗಲಿ, ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಕುತ್ತು. ನೈಸರ್ಗಿಕ ಅಂತ ಯಾವುದನ್ನೂ ಯಾವುದಕ್ಕೂ ಬೆರೆಸಬೇಡಿ.

ಪ್ರಶ್ನೆ (ಉಡುಪಿಯಿಂದ): ಮರದ ಕಪಾಟಿನಲ್ಲಿ ಬೇವಿನ ಸೊಪ್ಪು, ಇದ್ದಿಲು ಇಟ್ಟರೂ ಸೀರೆಗಳಿಗೆ ಮುಗ್ಗಲು ವಾಸನೆ. ಯಾಕೆ ಸಾರ್?

ಉತ್ತರ: ಬೇವಿನ ಸೊಪ್ಪು ಹಸಿಯಾಗಿತ್ತಾ ನೋಡಿ ಅಕ್ಕ. ಹಸಿ ಸೊಪ್ಪು ಕಪಾಟಿಗೇ ನೀರು ಬಿಡುತ್ತದೆ. ಗರಿಗರಿ ಒಣಗಿದ್ದೇ ಆಗಬೇಕು. ಅದು ಹುಳಕ್ಕೆ ಒಳ್ಳೆಯದು, ತೇವಕ್ಕಲ್ಲ. ಇದ್ದಿಲು ಸ್ವಲ್ಪ ತೇವ ಹೀರುತ್ತದೆ. ಒಲೆಯ ಹತ್ತಿರ ಇಟ್ಟು ಬಿಸಿ ಮಾಡಿ ಮತ್ತೆ ಇಡುತ್ತಿರಬೇಕು.

ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಬಿಸಿಲು ಬಂದಾಗೆಲ್ಲ ಬಾಗಿಲು ತೆರೆದಿಡಿ. ಮಳೆ ಸುರಿಯುವಾಗ ಮಾತ್ರ ಬೇಡ, ಹೊರಗಿನ ಗಾಳಿಯೇ ಒದ್ದೆ ಇರುತ್ತದೆ. ಬಟ್ಟೆಗಳನ್ನು ಆ ಕೋಣೆಯಲ್ಲಿ ಒಣಗಿಸಬೇಡಿ. ಕೋಣೆಯ ಗಾಳಿಯ ತೇವ ಶೇಕಡಾ 60ರ ಕೆಳಗಿದ್ದರೆ ಬೂಷ್ಟು ಸುಲಭಕ್ಕೆ ಬೆಳೆಯುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಸುಮ್ನೆ ಕಿಟಕಿ ತೆರೆದು ಅಷ್ಟು ಇಳಿಸುವುದು ಕಷ್ಟ. ಕೈಲಾದರೆ ಆ ಒಂದು ಕೋಣೆಗೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ತೆಗೆದುಕೊಳ್ಳಿ.

ಪ್ರಶ್ನೆ (ಶೃಂಗೇರಿಯಿಂದ): ಅಡಿಕೆಯ ಕೊಳೆರೋಗಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಇದೆ. ಗೋಡೆಗೆ ಹೊಡೆದರೆ ಆಗದಾ?

ಉತ್ತರ: ಮನೆಯೊಳಗೆ ಬೇಡ. ಅದರಲ್ಲಿ ಮೈಲುತುತ್ತ ಇದೆ, ಮಕ್ಕಳು ಮುಟ್ಟುತ್ತಾರೆ, ಗೋಡೆಗೂ ನೀಲಿ ಕಲೆ ಉಳಿಯುತ್ತದೆ. ಅದೂ ಅಲ್ಲದೆ ಇಟ್ಟ ದ್ರಾವಣಕ್ಕೆ ಶಕ್ತಿ ಇರುವುದಿಲ್ಲ, ಮಾಡಿದ ದಿನವೇ ತೋಟದಲ್ಲಿ ಮುಗಿಸಬೇಕು. ಅದಕ್ಕೆ ತಂದ ಸುಣ್ಣ ಮಿಕ್ಕಿದ್ದರೆ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಿ, ಬೇಸಿಗೆಯಲ್ಲಿ ಗೋಡೆಗೆ ಆಗುತ್ತದೆ.